ಒಂದನೇ ನಂಬರಿನ ಹಗ್ಗ

ಪಿಟ್‌ಹೇವನ್ ಊರಿನಲ್ಲಿ ಯಾರಾದರೂ ಕೊಂಚ ತಲೆ ಎತ್ತಿದರೆ ತಟ್ಟಿ ಕೂರಿಸಲು ಒಂದು ಮಾತು ಸದಾ ಸಿದ್ಧವಿರುತ್ತದೆ: “ಅವರಪ್ಪನ್ನ ನಾವು ನೋಡಿಲ್ವಾ!” ಎಡಿನ್‌ಬರೋದಲ್ಲಿ ಓದಿ ಡಾಕ್ಟರಾಗಿ ಬಂದವನಿಗೂ ಇದೇ ಸ್ವಾಗತ, ಪಾದ್ರಿಯಾಗಿ ಬಂದವನಿಗೂ ಇದೇ. ಹಾಡುಗಾರ ಎಕ್ ಪಟ್ಟುಲೊನ ವಿಷಯದಲ್ಲಂತೂ ಊರಿಗೆ ಬಹಳ ಅನುಕೂಲವಾಗಿತ್ತು. ಅವನ ಅಪ್ಪನನ್ನು ಎಲ್ಲರೂ ನಿಜಕ್ಕೂ ನೋಡಿದ್ದರು, ಹೆಚ್ಚಾಗಿ ಬಂದರಿನ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾಗ. ದೋಣಿ ಹೊರಟು ಎರಡು ಗಂಟೆಯಾದ ಮೇಲೆ ಎದ್ದು, ತನ್ನನ್ನು ಬಿಟ್ಟು ಹೋದರೆಂದು ಸಮುದ್ರಕ್ಕೆ ಬೈಯುವುದು ಆತನ ದಿನಚರಿ.

ಈ ಮಾತನ್ನು ಊರಿನಲ್ಲಿ ಅತಿ ಹೆಚ್ಚು ಸಲ ಆಡಿದವಳೆಂದರೆ ಐನಾ ಗೌರ್ಲೆ. ಬಂದರಿನ ಮೇಲುಗಡೆ ಕರಿದ ಮೀನು ಮತ್ತು ಬೆರಳುದ್ದ ಸೀಳಿ ಕರಿದ ಆಲೂಗಡ್ಡೆಯ ಚಿಪ್ಸ್ ಮಾರುವ ಅಂಗಡಿ ನಡೆಸುವವಳು. ಗಂಡನನ್ನು ಬೇಗ ಕಳೆದುಕೊಂಡು ಒಬ್ಬಳೇ ಅಂಗಡಿ ನಿಭಾಯಿಸಿದವಳು. ಅವಳ ಬಗ್ಗೆ ಒಳ್ಳೆಯದು ಹೇಳಲೇಬೇಕೆಂದರೆ, ಅವಳ ಬಾಂಡಲೆಯಲ್ಲಿ ಕರಿಯಲು ಕಾಯಿಸುವ ಕೊಬ್ಬು ಎಂದೂ ಹೊಗೆಯಾಡಿದ್ದಿಲ್ಲ, ಮೀನಿನ ಮೇಲಿನ ಹಿಟ್ಟು ಎಂದೂ ಮೆತ್ತಗಾದದ್ದಿಲ್ಲ. ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಜಿಪುಣತನ. ಉಪ್ಪಿನ ಡಬ್ಬಿಯನ್ನು ಗಿರಾಕಿಯ ಕೈಗೆ ಕೊಡದೆ ತಾನೇ ಉದುರಿಸುವಳು. ಪೊಟ್ಟಣ ಕಟ್ಟುವ ಮುಂಚೆ ಒಮ್ಮೆ ಇಣುಕಿ, ಕೈ ಹೆಚ್ಚಾಯಿತೆನಿಸಿದರೆ ಎರಡು ಚಿಪ್ಸ್ ಹಿಂದಕ್ಕೆ ತೆಗೆಯುವಳು. ತೆಗೆಯುವಾಗ ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಅಷ್ಟಾದರೂ ನಾಚಿಕೆ ಇತ್ತು ಎಂದಿಟ್ಟುಕೊಳ್ಳೋಣ.

ಎಕ್ ಹತ್ತೊಂಬತ್ತರ ವಯಸ್ಸಿನಲ್ಲಿ, ಅಂದರೆ ೧೯೮೪ರಲ್ಲಿ, ಈ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಲೂಗಡ್ಡೆ ಹಸನು ಮಾಡುವ ಕೆಲಸಕ್ಕಿದ್ದ. ಸಿಪ್ಪೆ ತೆಗೆಯಲು ಯಂತ್ರವಿತ್ತು. ಯಂತ್ರಕ್ಕೆ ಸಿಗದ ಮೊಳಕೆಗಣ್ಣುಗಳನ್ನು ಚಾಕುವಿನಿಂದ ಒಂದೊಂದಾಗಿ ಕೀಳಲು ಎಕ್ ಇದ್ದ. ಕೀಳುತ್ತಾ ಮೂಗಿನಲ್ಲೇ ಏನೋ ಗುನುಗುತ್ತಿದ್ದ.

“ಅದೇನೋ ಅದು, ಹಾಡೋ ಹಲ್ಲುನೋವೋ?” ಎಂದು ಐನಾ ಮುಂದಿನಿಂದ ಕೂಗುವಳು.

“ಇನ್ನೂ ಗೊತ್ತಾಗ್ತಿಲ್ಲ ಮಿಸೆಸ್ ಗೌರ್ಲೆ, ಮುಗಿದ್ಮೇಲೆ ಹೇಳ್ತೀನಿ,” ಎನ್ನುವನು ಅವನು.

ಮರುವರ್ಷ ಕೆಲಸ ಬಿಟ್ಟು ಗ್ಲಾಸ್ಗೋ ಸೇರಿದ. ಅಲ್ಲಿ ಮೂವರನ್ನು ಕೂಡಿಸಿ ತಂಡ ಕಟ್ಟಿದ. ದೊಡ್ಡ ಕಂಪನಿಗಳ ಬಾಗಿಲು ತಟ್ಟದೆ ತಾವೇ ಹಾಡಿ, ತಾವೇ ರೆಕಾರ್ಡು ಮಾಡಿಸಿ, ತಾವೇ ಹೊತ್ತು ಮಾರುವ ಪೈಕಿ. ಹೀಗೆ ಮಾಡುವವರಿಗೆ ಪಟ್ಟಣದಲ್ಲಿ ಇಂಡಿ ಎಂಬ ಗೌರವದ ಹೆಸರಿದೆ. ಪಿಟ್‌ಹೇವನ್ ಮಾತ್ರ ಅವರನ್ನು ಕೆಲಸವಿಲ್ಲದವರು ಎಂದೇ ಕರೆಯಿತು. ತಂಡ ನಾಲ್ಕು ರೆಕಾರ್ಡು ತಂದಿತು. ಪತ್ರಿಕೆಗಳಲ್ಲಿ ಬರೆಯುವವರು ಹೊಗಳಿದರು. ಅವರಿಗೆ ರೆಕಾರ್ಡು ಬಿಟ್ಟಿಯಾಗಿ ಸಿಗುತ್ತಿತ್ತು. ಕೊಳ್ಳಬೇಕಾದವರು ಕೊಳ್ಳಲಿಲ್ಲ. ಒಂದೇ ಒಂದು ಹಾಡು ಮಾತ್ರ ರೇಡಿಯೋ ಹತ್ತಿ ಇಡೀ ದೇಶದ ಬಾಯಲ್ಲಿ ಕುಳಿತಿತು. ಅದರ ಹೆಸರು “ಹದಿನೇಳು ಚಿಪ್ಸ್”.

*ಹದಿನೇಳು ಹಾಕಿ, ಕೈ ಜಾರಿ ಇನ್ನೊಂದು ಬಿದ್ದರೆ*
*ಹೆತ್ತ ಮಗುವಂತೆ ಎತ್ತಿ ಒಳಗಿಡುತ್ತಾಳೆ*

ಹಾಡಿನಲ್ಲಿ ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಐನಾ ಬೀದಿಯಲ್ಲಿ ಹಾದುಹೋದರೆ ಹಿಂದಿನಿಂದ ಗುನುಗು ಕೇಳುತ್ತಿತ್ತು. ಬೇಸಿಗೆಯಲ್ಲಿ ಬಂದ ಪರಸ್ಥಳದವರು ಪೊಟ್ಟಣ ಬಿಚ್ಚಿ ಅವಳೆದುರೇ ಎಣಿಸಿ ಹಲ್ಲು ಕಿರಿಯುತ್ತಿದ್ದರು. “ಅದು ನಾನಲ್ಲ,” ಎಂದು ಐನಾ ಮೂವತ್ತು ವರ್ಷ ಹೇಳಿದಳು. “ನಾನು ಯಾವತ್ತು ಎಣಿಸಿದ್ದೀನಿ? ನಂದು ಕಣ್ಣಳತೆ.”

ಹಾಡು ತಣ್ಣಗಾದ ಮೇಲೆ ತಂಡವೂ ತಣ್ಣಗಾಯಿತು. ಎಕ್ ಊರಿಗೆ ಮರಳಿ, ಅಮ್ಮನ ಹಳೆಯ ಮನೆಯಲ್ಲಿ ಒಬ್ಬನೇ ಇದ್ದುಕೊಂಡು, ಹಳ್ಳಿಗಳಿಗೆ ಪುಸ್ತಕ ಒಯ್ಯುವ ಲೈಬ್ರರಿ ವ್ಯಾನು ಓಡಿಸಿದ. ಪ್ರತಿ ಶುಕ್ರವಾರ ತಪ್ಪದೆ ಐನಾಳ ಅಂಗಡಿಗೆ ಬಂದು ಸಾಲಿನಲ್ಲಿ ನಿಲ್ಲುವನು. ಅವಳು ಮೀನಿನ ಬಾಲದ ತುಂಡನ್ನೇ ಹುಡುಕಿ ಕೊಡುವಳು.

“ವಿನೆಗರ್?”

“ಹಾಕಿ, ಮಿಸೆಸ್ ಗೌರ್ಲೆ.”

ಅವರಿಬ್ಬರ ನಡುವೆ ಎರಡು ದಶಕ ನಡೆದ ಮಾತುಕತೆ ಇಷ್ಟೇ.

ಊರು ಅವನ ಹಾಡನ್ನು ಕ್ಷಮಿಸಿತ್ತು. ಕ್ಷಮಿಸದೆ ಇಟ್ಟುಕೊಂಡದ್ದು ಬೇರೆ ಒಂದಿತ್ತು. ನಮ್ಮ ಕಡೆ ಹೆಣ ಹೊರುವುದಕ್ಕಿಂತ ಹಗ್ಗ ಹಿಡಿದು ಗುಂಡಿಗೆ ಇಳಿಸುವುದು ದೊಡ್ಡ ಮರ್ಯಾದೆ. ಪೆಟ್ಟಿಗೆಗೆ ಎಂಟು ಹಗ್ಗ, ಎಂಟು ಜನ. ಯಾರು ಯಾವ ಹಗ್ಗ ಎಂದು ನಂಬರು ಬರೆದ ಚೀಟಿ ಮೊದಲೇ ಮನೆಗೆ ಬರುತ್ತದೆ. ತಲೆಯ ಕಡೆಯ ಒಂದನೇ ಹಗ್ಗ ತೀರ ಹತ್ತಿರದವರದು, ತಾಯಿಗೆ ಮಗನದು. ಎಕ್ ತನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ಐನಾಳ ಅಂಗಡಿಯಲ್ಲಿದ್ದಾಗ, ತಾಯಿಯ ಮಣ್ಣಿಗೆ ತಡವಾಗಿ ಬಂದಿದ್ದ. ಹಗ್ಗಗಳೆಲ್ಲ ಗುಂಡಿಗೆ ಬಿದ್ದು ಪಾದ್ರಿ ಪುಸ್ತಕ ಮುಚ್ಚುವಾಗ, ಮೈಮೇಲೆ ಕೋಟು ಕೂಡ ಇಲ್ಲದೆ, ಒದ್ದೆ ಏಪ್ರನ್ನಿನಲ್ಲಿ ಓಡಿ ಬಂದ. ಅವನ ಹಗ್ಗವನ್ನು ಸೋದರಮಾವ ವಾಟಿ ಹಿಡಿದಿದ್ದ. ಅಂದಿನಿಂದ ಎಕ್ ಏನು ಮಾಡಿದರೂ, ರೇಡಿಯೋದಲ್ಲಿ ಹಾಡಿದರೂ, ಊರು ತುಟಿ ಕೊಂಕಿಸಿ ಒಂದೇ ಮಾತು ಹೇಳುತ್ತಿತ್ತು: “ಹೆತ್ತವಳ ಮಣ್ಣಿಗೇ ಲೇಟಾಗಿ ಬಂದೋನು. ಅವರಪ್ಪನ್ನ ನಾವು ನೋಡಿಲ್ವಾ!” ಐನಾಳೂ ಹೇಳುತ್ತಿದ್ದಳು, ಎಲ್ಲರಿಗಿಂತ ಗಟ್ಟಿಯಾಗಿ.

೨೦೧೯ರ ಮಾರ್ಚಿನಲ್ಲಿ, ಐವತ್ತನಾಲ್ಕನೆಯ ವಯಸ್ಸಿಗೆ, ಎಕ್ ಕ್ಯಾನ್ಸರಿನಿಂದ ಸತ್ತ. ಸತ್ತ ಮರುದಿನವೇ ದೊಡ್ಡ ಮನುಷ್ಯನಾದ. ಗ್ಲಾಸ್ಗೋದಿಂದ ಗಡ್ಡದ ಹುಡುಗರು ಬಂದು ಅವನ ಮನೆಯ ಮೆಟ್ಟಿಲ ಮೇಲೆ ಹೂವಿನ ಬದಲು ಹದಿನೇಳು ಹದಿನೇಳು ಚಿಪ್ಸ್ ಇಟ್ಟು ಕಣ್ಣೀರು ಹಾಕಿದರು. ಕಡಲಹಕ್ಕಿಗಳು ಬಂದು ಗೌರವಪೂರ್ವಕವಾಗಿ ತಿಂದವು. ಪುರಸಭೆ ಫಲಕ ಹಾಕಿಸುವ ಮಾತಾಡಿತು. ಜೀವಮಾನದಲ್ಲಿ ಅವನ ಒಂದು ರೆಕಾರ್ಡು ಕೊಳ್ಳದವರು ಟಿವಿಯವರ ಮುಂದೆ, “ಅವನು ನಮ್ಮ ಹುಡುಗ” ಎಂದು ಎದೆ ಉಬ್ಬಿಸಿದರು. ಅಪ್ಪನ ಸುದ್ದಿ ಯಾರೂ ಎತ್ತಲಿಲ್ಲ.

ಬಂದರಿನ ಇನ್ನೊಂದು ತುದಿಯಲ್ಲಿ ಐನಾಳಿಗೆ ಎದುರಾಳಿಯಾಗಿ ಅಂಗಡಿ ಇಟ್ಟಿರುವ ವಿಲ್ಮಾ ಟಾರ್ವಿಟ್ ಇವರೆಲ್ಲರಿಗಿಂತ ಚುರುಕು. ಎಕ್‌ನ ದೇಹ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಬಾಗಿಲಿಗೆ ಬೋರ್ಡು ತೂಗುಹಾಕಿದಳು: “ಹಾಡಿನಲ್ಲಿರುವ ಅಂಗಡಿ ಇದೇ.” ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟಿದರು. ಐನಾ ತನ್ನ ಕಿಟಕಿಯಿಂದ ಆ ಸಾಲು ನೋಡಿದಳು. ಮೂವತ್ತು ವರ್ಷ ತಲೆ ಮೇಲಿಂದ ಕೊಡವಿಕೊಂಡ ಅವಮಾನವನ್ನು ಇನ್ನೊಬ್ಬಳು ಕಿರೀಟದಂತೆ ಇಟ್ಟುಕೊಂಡು ಕೂತಿದ್ದು ಕಂಡು ಅವಳಿಗೆ ಹೊಟ್ಟೆಯಲ್ಲಿ ಉರಿ ಬಿತ್ತು.

ಆ ಉರಿಗೆ ಕೊಬ್ಬು ಸುರಿದವನು ಶವಸಂಸ್ಕಾರ ನಡೆಸಿಕೊಡುವ ಇಮ್ರಿ. ಎಕ್ ಸಾಯುವ ಮುನ್ನವೇ ತನ್ನ ಎಂಟು ಹಗ್ಗಗಳ ಪಟ್ಟಿಯನ್ನು ಅವನ ಕೈಗೆ ಕೊಟ್ಟಿದ್ದ. ಏಳು ಹೆಸರುಗಳಲ್ಲಿ ತೊಡಕಿರಲಿಲ್ಲ. ತಂಡದ ಮೂವರು, ವ್ಯಾನಿನ ಜೊತೆಗಾರ, ಹೀಗೆ. ಒಂದನೇ ನಂಬರಿನ ಎದುರು ಮಾತ್ರ ಹೆಸರಿರಲಿಲ್ಲ. “ಚಿಪ್ಸ್ ಹಾಡಿನ ಹೆಂಗಸಿಗೆ” ಎಂದಷ್ಟೇ ಇತ್ತು. ಮೊದಲೆಲ್ಲ ಹೆಂಗಸರು ಹಗ್ಗ ಹಿಡಿಯುತ್ತಲೇ ಇರಲಿಲ್ಲ. ಈಗ ಹಿಡಿಯುತ್ತಾರೆ. ಆದರೆ ಒಂದನೆಯದು, ಅದೂ ಊರಿನ ಮುಂದೆ, ಟಿವಿಯವರ ಮುಂದೆ! ಬುಧವಾರ ಮಧ್ಯಾಹ್ನ ಇಮ್ರಿ ಇಬ್ಬರನ್ನೂ ತನ್ನ ಆಫೀಸಿಗೆ ಕರೆಸಿದ. ಆ ಹಗ್ಗ ವಿಲ್ಮಾಳ ಕೈಗೆ ಹೋದರೆ ತಾನು ಈ ಊರಿನಲ್ಲಿ ಬಾಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ ಎಂದು ನಿರ್ಧರಿಸಿಕೊಂಡೇ ಐನಾ ಮೆಟ್ಟಿಲು ಹತ್ತಿದಳು.

“ಚೀಟಿ ಇತ್ಲಾಗೆ ಕೊಡಿ ಮಿಸ್ಟರ್ ಇಮ್ರಿ,” ಎಂದಳು ವಿಲ್ಮಾ. “ನಂಗೆ ಅಂಗಡೀಲಿ ಕೆಲ್ಸ ಇದೆ.”

“ನಿಂಗ್ಯಾಕೆ ಕೊಡ್ತಾರೆ? ನೀನೇನು ಜಿಪುಣೀನಾ?” ಎಂದಳು ಐನಾ.

“ಏನಂದೆ? ನಾನು ಜಿಪುಣಿ ಅಲ್ವಾ? ಬಾಯಿ ಬಿಗಿಹಿಡಿದು ಮಾತಾಡು! ವಿನೆಗರ್‌ಗೆ ನೀರು ಬೆರೆಸ್ತಿದ್ದೆ ಕಣೇ ನಾನು, ಇಪ್ಪತ್ತು ವರ್ಷ!”

“ನೀರು ಯಾರು ಬೆರೆಸಲ್ಲ? ಅದೂ ಒಂದು ಜಿಪುಣತನಾನಾ?” ಐನಾ ಚೀಲದಿಂದ ಅಂಗಡಿಯ ಚಿಪ್ಸ್ ಸೌಟನ್ನು ತೆಗೆದು ಮೇಜಿನ ಮೇಲೆ ಠಣ್ ಎಂದು ಇಟ್ಟಳು. “ಇಲ್ನೋಡಿ ಮಿಸ್ಟರ್ ಇಮ್ರಿ. ಇದರ ಹೊಟ್ಟೇನ ನಾನೇ ಸುತ್ತಿಗೇಲಿ ಒಳಕ್ಕೆ ಹೊಡೆದಿದ್ದು. ಜಾಸ್ತಿ ಹಿಡೀಬಾರ್ದು ಅಂತ.”

“ಅಯ್ಯೋ, ಕೈ ಜಾರಿ ಬಿದ್ದು ನೆಗ್ಗಿರುತ್ತೆ ಬಿಡಿ,” ಎಂದಳು ವಿಲ್ಮಾ. “ನಾನು ನನ್ನ ಮದುವೆ ದಿನಾನೇ ನೆಂಟರಿಗೆ ಮೀನು ಅರ್ಧರ್ಧ ಮಾಡಿ ಹಾಕಿದೋಳು. ಬೇಕಾದ್ರೆ ನನ್ನ ನಾದಿನೀನ ಕೇಳಿ, ಇವತ್ತಿಗೂ ಮಾತು ಬಿಟ್ಟಿದ್ದಾಳೆ.”

ಊರಿನ ಅರ್ಧ ಜನರನ್ನು ಮಣ್ಣು ಮಾಡಿಸಿದ ಇಮ್ರಿ ಆಸ್ತಿಗೆ ಕಿತ್ತಾಡಿದವರನ್ನು ಕಂಡಿದ್ದ, ಉಂಗುರಕ್ಕೆ ಕಿತ್ತಾಡಿದವರನ್ನು ಕಂಡಿದ್ದ. ಕೆಟ್ಟವಳು ತಾನೇ ಎಂದು ಇಬ್ಬರು ಮುದುಕಿಯರು ಕಿತ್ತಾಡುವುದನ್ನು ಕಂಡದ್ದು ಇದೇ ಮೊದಲು. ಕೊನೆಗೆ ವಿಲ್ಮಾ ತನ್ನ ತುರುಪು ಹಾಕಿದಳು. ಕೋಟಿನೊಳಗಿಂದ ಎಕ್‌ನ ರೆಕಾರ್ಡಿನ ಹೊದಿಕೆ ಹೊರಬಂತು. ಅದರ ಮೇಲೆ ಅವನದೇ ಕೈಬರಹ: “ಚಿಪ್ಸ್ ಹಾಡಿನ ಹೆಂಗಸಿಗೆ, ಎಕ್.” ಯಾರು ಏನು ಬರೆದುಕೊಡು ಎಂದರೂ ಬರೆದುಕೊಡುವ ಜೀವ ಅದು. ಆದರೆ ಇಮ್ರಿಗೆ ಬರಹ ಬರಹವೇ. ಅವನ ಕೈ ಚೀಟಿಯೊಂದಿಗೆ ವಿಲ್ಮಾಳ ಕಡೆಗೆ ವಾಲಿತು.

“ತಾಳಿ,” ಎಂದಳು ಐನಾ. “ಅವನು ಅವರಮ್ಮನ ಮಣ್ಣಿಗೆ ಯಾಕೆ ಲೇಟಾಗಿ ಬಂದ ಅಂತ ಇವಳನ್ನ ಕೇಳಿ.”

“ಅದು ಇಡೀ ಊರಿಗೇ ಗೊತ್ತಲ್ಲ,” ಎಂದಳು ವಿಲ್ಮಾ. “ಅವರಪ್ಪನ ರಕ್ತ.”

“ಇಲ್ಲ. ಆ ದಿನ ಗ್ಲಾಸ್ಗೋದೋರಿಗೆ ರಜೆ ಶುರುವಾದ ಶುಕ್ರವಾರ. ಬಂದರಲ್ಲಿ ಬಸ್ಸು ಮೇಲೆ ಬಸ್ಸು. ಮಣ್ಣು ಎರಡು ಗಂಟೆಗೆ. ಒಂದು ಗಂಟೆಗೆ ಬಿಡ್ತೀನಿ ಅಂದಿದ್ದೆ. ಒಂದಾಯ್ತು, ಸಾಲು ಬಾಗಿಲು ದಾಟಿತ್ತು. ಇನ್ನೊಂದು ಮೂಟೆ ಮುಗಿಸು ಅಂದೆ. ಮುಗಿಸ್ದ. ಇನ್ನೊಂದು ಅಂದೆ. ಹೋಗ್ತೀನಿ ಅಂದ. ಮಣ್ಣಿಗೆ ಹಾಕ್ಕೊಳ್ಳೋ ಅವನ ಕರೀ ಕೋಟು ನನ್ನ ಬೀರೂಲಿತ್ತು, ವಾಸನೆ ಹಿಡೀದೇ ಇರ್ಲಿ ಅಂತ ಬೆಳಿಗ್ಗೆ ಅವನೇ ಕೊಟ್ಟಿದ್ದ. ಬೀಗ ಹಾಕಿ ಕೀ ಜೇಬಿಗಿಟ್ಕೊಂಡೆ. ಮೂಟೆ ಮುಗಿಸು, ಕೋಟು ತಗೋ ಅಂದೆ.”

ಇಮ್ರಿ ಚೀಟಿ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಕೋಟಿಲ್ದೆ ಮಣ್ಣಿಗೆ ಹೋಗೋದು ಹೇಗೆ ಅಂತ ಕೂತು ಆಲೂಗಡ್ಡೆ ಕಣ್ಣು ಕೀಳ್ತಾ ಇದ್ದ. ಎರಡು ಗಂಟೆ ಹೊಡೀತು. ಆಮೇಲೆ ಹಾಗೇ ಓಡಿದ, ಏಪ್ರನ್ನಲ್ಲೇ.”

ಹೇಳಿ ಮುಗಿಸಿದಾಗ ಅವಳಿಗೆ ಮತ್ತೊಂದು ಹೊಳೆಯಿತು. ಇಷ್ಟು ವರ್ಷ ಅದು ಹೊಳೆಯದಂತೆ ಅವಳು ಚೆನ್ನಾಗಿಯೇ ನೋಡಿಕೊಂಡಿದ್ದಳು. ಹಾಡಿನಲ್ಲಿ ಬೀರುವೂ ಇರಲಿಲ್ಲ, ಕೋಟೂ ಇರಲಿಲ್ಲ. ದೇಶವೆಲ್ಲ ಕೇಳುವ ಹಾಗೆ ಅವಳನ್ನು ಮಣ್ಣುಮುಕ್ಕಿಸಬಹುದಾಗಿದ್ದವನು ಬರೀ ಚಿಪ್ಸ್ ಹಿಡಿದು ತಮಾಷೆ ಮಾಡಿ ಬಿಟ್ಟಿದ್ದ. ಯಾವುದಕ್ಕೆ ಅವಳು ಎರಡು ದಶಕ ಅವನಿಗೆ ಬಾಲದ ತುಂಡು ಕೊಟ್ಟು ಸೇಡು ತೀರಿಸಿಕೊಂಡಳೋ ಅದು ಅವನು ತೋರಿದ ದಯೆಯಾಗಿತ್ತು.

ವಿಲ್ಮಾ ರೆಕಾರ್ಡಿನ ಹೊದಿಕೆಯನ್ನು ಮತ್ತೆ ಕೋಟಿನೊಳಗೆ ಇಟ್ಟುಕೊಂಡಳು. “ಚೀಟಿ ಅವಳ್ದೇ,” ಎಂದು ಇಮ್ರಿಗೆ ಹೇಳಿ ಐನಾಳ ಮುಖ ನೋಡದೆ ಹೊರಟುಹೋದಳು.

ವಿಲ್ಮಾಳ ಬಾಯಿಗೆ ಬಿದ್ದ ಸುದ್ದಿ ಅಂಚೆಗಿಂತ ಬೇಗ ಮನೆಮನೆ ತಲುಪುತ್ತದೆಂದು ಊರಿಗೆಲ್ಲ ಗೊತ್ತು. ಗುರುವಾರವಿಡೀ ಐನಾ ಅಂಗಡಿಯಲ್ಲಿ ಕಲ್ಲೇಟಿಗೆ ಕಾದವಳಂತೆ ನಿಂತಿದ್ದಳು. ಬಂದವರೆಲ್ಲ ಮೀನು ಕೇಳಿದರು, ಹವಾಮಾನ ಬೈದರು, ಹೋದರು. ಶುಕ್ರವಾರ ಎರಡು ಗಂಟೆಗೆ ಕಪ್ಪು ಬಟ್ಟೆಯಲ್ಲಿ ಸ್ಮಶಾನದ ಗೇಟು ಹೊಕ್ಕಾಗ ಯಾರೋ ಹಿಂದಿನಿಂದ, “ನೋಡ್ಕೊಂಡು ಇಳ್ಸಮ್ಮ ಐನಾ, ಒಂದಿಂಚು ಹಗ್ಗ ಜಾಸ್ತಿ ಕೊಟ್ಟುಬಿಟ್ಟೀಯ!” ಎಂದರು. ಸುತ್ತಲಿದ್ದವರು ಕರವಸ್ತ್ರದೊಳಗೆ ನಕ್ಕರು. ಅದು ಅದೇ ಹಳೆಯ ನಗು. ಆಗ ಅವಳಿಗೆ ಅರ್ಥವಾಯಿತು: ವಿಲ್ಮಾ ಯಾರಿಗೂ ಹೇಳಿರಲಿಲ್ಲ. ಹೆಣದ ವಿಷಯ ಹೊರಗೆ ಬಿಡುವವನಲ್ಲ ಇಮ್ರಿ. ಹಗ್ಗ ಸಿಕ್ಕಿತ್ತು, ಮಾನವೂ ಉಳಿದಿತ್ತು. ಜಿಪುಣಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದು?

ಇಮ್ರಿ ನಂಬರು ಕೂಗಿದ. ಒಂದು ಎಂದಾಗ ಅವಳು ತಲೆಯ ಕಡೆ ಹೋಗಿ ನಿಂತು ಹಗ್ಗ ಹಿಡಿದಳು. ಟಿವಿಯವರ ಕ್ಯಾಮೆರಾ ಅವಳ ಕಡೆ ತಿರುಗಿತು. ಪೆಟ್ಟಿಗೆ ಇಳಿಯತೊಡಗಿದಾಗ, ಎರಡನೆಯ ಸಾಲಿನಲ್ಲಿ ಒಬ್ಬ ಪಕ್ಕದವನ ಕಿವಿಯಲ್ಲಿ ಹೇಳಿದ್ದು ಅವಳಿಗೂ ಕೇಳಿಸಿತು: “ಕೊನೆಗೂ ಒಂದ್ಸಲ ಸರಿಯಾದ ಟೈಮಿಗೆ ಬಂದ ನೋಡು.”

ಪಕ್ಕದವನು ಭುಜ ಕುಣಿಸಿ ನಕ್ಕ. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಐನಾ ಹಗ್ಗ ಬಿಟ್ಟಳು. ಅದು ಮರದ ಮೇಲೆ ಸಣ್ಣ ಸದ್ದು ಮಾಡಿ ಬಿತ್ತು.

ಮಣ್ಣು ಮುಗಿದ ಮೇಲೆ ಒಂದನೇ ಹಗ್ಗ ಹಿಡಿದವರು ಗೇಟಿನಲ್ಲಿ ನಿಂತು ಬಂದವರೆಲ್ಲರ ಕೈ ಕುಲುಕಬೇಕು. ಬಂದವರು ದುಃಖವಾಯಿತು ಎನ್ನುತ್ತಾರೆ, ನಿಂತವರು ಬಂದದ್ದಕ್ಕೆ ಉಪಕಾರ ಎನ್ನುತ್ತಾರೆ, ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಾಂಸದ ಪೈ ತಿನ್ನುತ್ತಾರೆ. ಐನಾ ಗೇಟಿನಲ್ಲಿ ನಿಂತಳು. ಮೊದಲು ಬಂದವನು ಪುರಸಭೆಯ ಅಧ್ಯಕ್ಷ.

“ತುಂಬಾ ದುಃಖವಾಯ್ತು, ಮಿಸೆಸ್ ಗೌರ್ಲೆ.”

“ಅವತ್ತು ಅವನು ಬೇಕಂತ ಲೇಟಾಗಿ ಬರ್ಲಿಲ್ಲ,” ಎಂದಳು ಐನಾ. “ಕೋಟಿಗೆ ಬೀಗ ಹಾಕಿ ಅವನನ್ನ ಕೂರಿಸಿದ್ದು ನಾನು.”

ಅಧ್ಯಕ್ಷನಿಗೆ ತಲೆಬುಡ ತಿಳಿಯಲಿಲ್ಲ. “ಹೌದು ಹೌದು, ಒಳ್ಳೆ ಹುಡುಗ,” ಎಂದು ಕೈ ಬಿಡಿಸಿಕೊಂಡ. ಎರಡನೆಯವಳಿಗೆ ತಿಳಿಯಿತು, ಅವಳ ಕೈ ಅರ್ಧದಲ್ಲೇ ನಿಂತಿತು. ಐನಾ ಮೂರನೆಯವನಿಗೂ ಅದನ್ನೇ ಹೇಳಿದಳು, ನಾಲ್ಕನೆಯವಳಿಗೂ ಅದನ್ನೇ. ಸಾಲು ನಿಧಾನವಾಯಿತು. ಕೆಲವರು ಕೈ ಕೊಟ್ಟರು, ಹಲವರು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಪಕ್ಕದಿಂದ ಹಾದರು. “ಇವತ್ತು ಈ ಮಾತೆಲ್ಲ ಯಾಕೆ ಬೇಕಿತ್ತು?” ಎಂದು ಗೊಣಗಿದವರೂ ಇದ್ದರು. ಮೂವತ್ತೈದು ವರ್ಷ ಬಾಯಿಗೆ ರುಚಿಯಾಗಿದ್ದ ಮಾತನ್ನು ಒಮ್ಮೆಲೆ ಕಿತ್ತುಕೊಂಡರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನೂರಿಪ್ಪತ್ತು ಜನ ಇದ್ದಿರಬಹುದು. ಐನಾ ಒಬ್ಬರನ್ನೂ ಬಿಡಲಿಲ್ಲ. ವಿಲ್ಮಾ ಬಂದಾಗ ಮಾತ್ರ ಇಬ್ಬರೂ ಸುಮ್ಮನೆ ಕೈ ಕುಲುಕಿದರು.

ಎಲ್ಲರಿಗಿಂತ ಕೊನೆಗೆ, ಗಾಲಿಕುರ್ಚಿಯಲ್ಲಿ, ಸೋದರಮಾವ ವಾಟಿ ಬಂದ. ತೊಂಬತ್ತು ವರ್ಷ. ಕಿವಿ ಪೂರಾ ಹೋಗಿತ್ತು. ಐನಾ ಬಾಗಿ ಹೇಳಿದಳು. ಅವನು ಕೈಯನ್ನು ಕಿವಿಗೆ ಕೊಟ್ಟ.

“ಏನಮ್ಮಾ? ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು.”

ಅವಳು ಇನ್ನೊಮ್ಮೆ ಹೇಳಿದಳು. ಅವನು ತಲೆ ಅಲ್ಲಾಡಿಸಿದ. “ಗಟ್ಟಿಯಾಗಿ!”

ಗೇಟಿನಾಚೆ ಕಾರುಗಳ ಬಳಿ ಗುಂಪುಗುಂಪಾಗಿ ಪಿಸುಗುಡುತ್ತಿದ್ದ ಊರೆಲ್ಲ ತಿರುಗಿ ನೋಡಿತು. ಐನಾ ಗೌರ್ಲೆ ಅಂಗಡಿಯ ಹಿಂದಿನ ಕೋಣೆಗೆ ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದಳು:

“ನಿಮ್ಮಕ್ಕನ ಮಣ್ಣಿಗೆ ಅವನನ್ನ ಬಿಡದೇ ಇದ್ದೋಳು ನಾನು! ಕೋಟು ಬೀಗದಲ್ಲಿಟ್ಟು ಆಲೂಗಡ್ಡೆ ಮಾಡಿಸ್ದೆ! ಅವನ ತಪ್ಪಿಲ್ಲ! ನಂದು!”

ಈ ಸಲ ಕೇಳಿಸಿತು. ಮುದುಕ ಅಂದು ಎಕ್‌ನ ಹಗ್ಗ ಹಿಡಿದಿದ್ದ ತನ್ನ ಬಲಗೈಯನ್ನು ನೋಡಿಕೊಂಡ.

“ಅವತ್ತು ಸಂಜೆ ಅವನು ನಮ್ಮನೆ ಬಾಗಿಲಿಗೆ ಬಂದಿದ್ದ ಕಣಮ್ಮ,” ಎಂದ. “ಏನೋ ಹೇಳ್ಬೇಕು ಮಾವ ಅಂದ. ನಾನು ಬಾಗಿಲು ಹಾಕ್ಕೊಂಡೆ. ಆಮೇಲೆ ಅವನ ಜೊತೆ ಮಾತೇ ಆಡ್ಲಿಲ್ಲ, ಇವತ್ತಿನವರ್ಗೂ.”